ಬ್ರೇಕು ಕೊನೆಗೆ ಬರುತ್ತದೆ

ನಮ್ಮ ಊರಿನಲ್ಲಿ ಪುರಸಭೆಯವರು ಗಾಡಿ ಕೊಳ್ಳುವುದಿಲ್ಲ, ಬೆಳೆಸುತ್ತಾರೆ. ಕಚೇರಿಯ ಹಿಂದೆ ತಗಡು ಹೊದಿಸಿದ ಉದ್ದನೆಯ ಶೆಡ್ಡಿದೆ. ಅದನ್ನು ಎಲ್ಲರೂ ಕೊಟ್ಟಿಗೆ ಎನ್ನುತ್ತಾರೆ. ಹಳೆಯ ಗಾಡಿ ಓಡುತ್ತಿರುವಾಗಲೇ ಅದರ ಬದಲಿಗೆಂದು ಪ್ರತಿ ಬಜೆಟ್ಟಿನಲ್ಲಿ ಒಂದಿಷ್ಟು ಹಣ ಎತ್ತಿಡುತ್ತಾರೆ. ಎತ್ತಿಟ್ಟ ಮರುದಿನ ಬೆಳಿಗ್ಗೆ ಅಷ್ಟು ಹಣಕ್ಕೆ ಎಷ್ಟು ಬರಬೇಕೋ ಅಷ್ಟು ಹೊಸ ಗಾಡಿ ಕೊಟ್ಟಿಗೆಯಲ್ಲಿ ಮೂಡಿರುತ್ತದೆ. ಮೊದಲು ಮುಂದಿನ ಬಂಪರು, ದೀಪಗಳು, ಬಾಗಿಲ ಮೇಲೆ ಪುರಸಭೆಯ ಹೆಸರು. ಆಮೇಲೆ ಮೈ, ಚಕ್ರ, ಎಂಜಿನ್ನು. ಬ್ರೇಕು ಯಾವಾಗಲೂ ಕೊನೆಗೆ. ಹಣ ವಾಪಸು ತೆಗೆದರೆ ಕೊನೆಗೆ ಬಂದದ್ದು ಮೊದಲು ಹೋಗುತ್ತದೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ರಸ್ತೆ ರೋಲರಿನ ಉರುಳೆ ಮಾತ್ರ ಬೆಳೆದು ನಿಂತ ವರ್ಷಗಳಲ್ಲಿ ಹಿಂದಿನ ಬೀದಿಯ ಹೆಂಗಸರು ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದರು. ಎಂಜಿನ್ ಬಂದು ರೋಲರು ಹೊರಡುವ ಕಾಲಕ್ಕೆ, ಬೇರೆ ಜಾಗ ತೋರಿಸದೆ ಉರುಳೆ ಒಯ್ಯಕೂಡದೆಂದು ಅರ್ಜಿ ಕೊಟ್ಟರು. ಮುಕ್ತಿವಾಹನಕ್ಕೆ ಹಣ ಎತ್ತಿಡಲು ಯಾವ ಸದಸ್ಯರೂ ಕೈಯೆತ್ತುವುದಿಲ್ಲ. ಅದು ಬೆಳೆಯುವುದನ್ನು ನೋಡಿದವರ ಮನೆಗೇ ಮೊದಲು ಬರುತ್ತದೆಂದು ಭಯ. ಹಾಗಾಗಿ ನಮ್ಮಲ್ಲಿ ಸತ್ತವರು ಕಸದ ಟ್ರ್ಯಾಕ್ಟರಿನಲ್ಲಿ ಹೋಗುತ್ತಾರೆ. ಟ್ರಾಲಿ ತೊಳೆದಿರುತ್ತಾರೆ.

ಇನ್ನು ಬದಲಿ ನಿಧಿಗೆ ಕೈಹಾಕುವುದು ಹೊಸದೇನಲ್ಲ. ಬಸ್‌ಸ್ಟ್ಯಾಂಡಿನ ಸ್ವಾಗತ ಕಮಾನು ಎದ್ದ ಬೆಳಿಗ್ಗೆ ಬೆಳೆಯುತ್ತಿದ್ದ ಕಸದ ಲಾರಿಯ ಚಕ್ರಗಳು ಕಾಣೆಯಾಗಿದ್ದವು. ಅಂದಿನಿಂದ ಅದು ಎರಡು ಟೈರ್ ಕಮಾನು. ಪಾರ್ಕಿನಲ್ಲಿರುವುದು ರೇಡಿಯೇಟರ್ ಕಾರಂಜಿ. ಹೊರಗಿನವರು ದಾರಿ ಕೇಳಿದರೆ, "ಎರಡು ಟೈರ್ ಹತ್ರ ಇಳ್ಕೊಳ್ಳಿ, ಗೇರ್‌ಬಾಕ್ಸ್ ಬಲಕ್ಕೆ ಬಿಟ್ಟು ಎಡಕ್ಕೆ ಬನ್ನಿ" ಅನ್ನುತ್ತೇವೆ. ಗೇರ್‌ಬಾಕ್ಸ್ ಅಂದರೆ ರಂಗಮಂದಿರ.

ನಾನು ಇಂಪನಾ. ಬಿ.ಕಾಂ. ಮುಗಿಸಿ ಪುರಸಭೆಯ ಲೆಕ್ಕ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸಕ್ಕಿದ್ದೇನೆ. ನನಗೆ ಮಾತು ಬರುವುದಿಲ್ಲವೆಂದಲ್ಲ. ಬರುವ ಹೊತ್ತಿಗೆ ಎದುರಿಗಿದ್ದವರು ಹೋಗಿರುತ್ತಾರೆ. ಆಡಬೇಕಾಗಿದ್ದನ್ನೆಲ್ಲ ಮನೆಗೆ ಹೋಗಿ ಡೈರಿಯಲ್ಲಿ ಬರೆಯುತ್ತೇನೆ, ಅಲ್ಲಿ ನಾನು ಭಾರೀ ಮಾತುಗಾತಿ. ನನ್ನ ಅಪ್ಪ ಪುಟ್ಟಮಾದಯ್ಯ ಪುರಸಭೆಯ ನೀರಿನ ಟ್ಯಾಂಕರಿನ ಡ್ರೈವರು.

ಊರು ಗುಡ್ಡದ ಮೈಮೇಲೆ ಹರಡಿಕೊಂಡಿದೆ. ಸಮತಟ್ಟಾಗಿರುವುದು ಕೊಟ್ಟಿಗೆಯ ನೆಲ ಒಂದೇ. ಅಪ್ಪನ ಹಳೆಯ ಟ್ಯಾಂಕರಿಗೆ ಹ್ಯಾಂಡ್‌ಬ್ರೇಕು ಸತ್ತು ಎಷ್ಟೋ ಕಾಲವಾಗಿತ್ತು, ಕಾಲಿನ ಬ್ರೇಕು ಮನಸ್ಸಿದ್ದಾಗ ಹಿಡಿಯುತ್ತಿತ್ತು. ಅದಕ್ಕೇ ಸೀಟಿನ ಕೆಳಗೆ ಒಂದು ಕಲ್ಲು. ಅವ್ವನ ಅರೆಯುವ ಕಲ್ಲು ಒಡೆದಾಗ ಉಳಿದ ತುಂಡು, ಒಂದು ಮಗ್ಗುಲು ಇಳಿಜಾರಾಗಿ ಚಕ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಚಿಕ್ಕವಳಿದ್ದಾಗ ರಜೆಯ ದಿನ ನಾನೂ ಗಾಡಿಯಲ್ಲಿ ಹೋಗುತ್ತಿದ್ದೆ. ಅಪ್ಪ "ಕಲ್ಲು!" ಅಂದ ಕೂಡಲೇ ಹಾರಿ ಇಳಿದು ಚಕ್ರಕ್ಕೆ ಕೊಡುವುದು ನನ್ನ ಪಾಲಿನ ಕೆಲಸ. ಬಾಯಿ ಬಿಡದೆ ಮಾಡಬಹುದಾದ ಕೆಲಸವಾದ್ದರಿಂದ ನನಗೆ ಅದು ಇಷ್ಟವಿತ್ತು. "ನಿಮ್ಮ ಪುರಸಭೆ ನಿಂತಿರೋದೇ ನನ್ನ ಮೆಣಸಿನ ಕಲ್ಲಿನ ಮೇಲೆ" ಎಂದು ಅವ್ವ ಈಗಲೂ ಹಂಗಿಸುತ್ತಾಳೆ.

ಹೋದ ಬೇಸಿಗೆಯಲ್ಲಿ ಆ ಕಲ್ಲೂ ಒಮ್ಮೆ ಜಾರಿತು. ತುಂಬಿದ ಟ್ಯಾಂಕರು ಹಿಂದಕ್ಕೆ ಉರುಳಿ ಮೇಲಿನ ಕೇರಿಯ ನಲ್ಲಿಕಟ್ಟೆ ಪುಡಿಯಾಯಿತು. ಸಾಲಿನಲ್ಲಿದ್ದ ಬಿಂದಿಗೆಗಳೆಲ್ಲ ಚಪ್ಪಟೆಯಾದವು, ಜನ ಹಾರಿಕೊಂಡು ಉಳಿದರು. ಅಂದಿನಿಂದ ಅಪ್ಪ ನಿದ್ದೆಯಲ್ಲೂ ಬಲಗಾಲು ಒತ್ತುತ್ತಾನೆ. ಪುರಸಭೆಯವರು ನಲ್ಲಿಕಟ್ಟೆ ಕಟ್ಟಿಸಿಕೊಟ್ಟರು. ಆ ಹಣಕ್ಕೆ ಹೊಸ ಟ್ಯಾಂಕರಿನ ಸ್ಟಿಯರಿಂಗು ಮಾಯವಾಗಿತ್ತು, ಈ ಬಜೆಟ್ಟಿನಲ್ಲಿ ಮತ್ತೆ ಬಂತು. ಅದರ ಹಿಂದೆಯೇ, ಹನ್ನೆರಡು ವರ್ಷದ ಉಳಿತಾಯದ ಕಟ್ಟಕಡೆಯ ಕಂತಿಗೆ, ಬ್ರೇಕೂ ಬಂತು.

ಆ ದಿನ ಕಚೇರಿ ಬಿಟ್ಟ ಮೇಲೆ ಅಪ್ಪ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದ. ಹೊಸ ಟ್ಯಾಂಕರಿನ ಸೀಟಿನ ಮೇಲೆ ಕೂರಿಸಿ, "ಒತ್ತು ಮಗಾ" ಅಂದ.

ಒತ್ತಿದೆ.

"ಏನನ್ನಿಸ್ತು?"

"ಒತ್ತಿಕೊಂಡ್ತು."

"ಹಾಂ! ಕೆಳಗೆ ಯಾರೋ ಹಿಡ್ಕೊಂಡಿದಾರೆ ಅನ್ಸುತ್ತಲ್ಲ, ಅದು. ಹಳೇದ್ರಲ್ಲಿ ಒತ್ತಿದ್ರೆ ದೇವ್ರು ನೆನಪಾಗ್ತಾನೆ, ಅಷ್ಟೇಯ." ಆಮೇಲೆ ನನ್ನನ್ನು ಇಳಿಸಿ ತಾನೇ ಹತ್ತಿ ಕೂತು, ನಿಂತ ಗಾಡಿಯಲ್ಲಿ ಮತ್ತೆ ಮತ್ತೆ ಒತ್ತಿದ. ಮದುವೆ ಹೆಣ್ಣು ಬಳೆ ನೋಡಿಕೊಳ್ಳುವ ಹಾಗೆ ತನ್ನ ಪಾದವನ್ನೇ ನೋಡಿಕೊಳ್ಳುತ್ತಿದ್ದ.

ಮರುವಾರ ಅಧ್ಯಕ್ಷ ಕಪನಪ್ಪನವರು ನಮ್ಮ ವಿಭಾಗಕ್ಕೇ ಬಂದರು. ನಮ್ಮ ಲೆಕ್ಕಾಧಿಕಾರಿ ದೊರೆಸ್ವಾಮಿಯವರು ಎದ್ದು ನಿಂತರು. ನಾನು ಮಾನಿಟರಿನ ಹಿಂದೆ ಇನ್ನೂ ಸ್ವಲ್ಪ ಕುಗ್ಗಿದೆ.

"ಟ್ಯಾಂಕರ್ ಪೂರ್ತಿ ಆಯ್ತಂತಲ್ರೀ?"

"ಆಯ್ತು ಸಾರ್. ಬ್ರೇಕೂ ಬಂತು."

"ಹಂಗಾದ್ರೆ ಜೋರಾಗೇ ಮಾಡ್ಬೇಕು. ಇಷ್ಟು ವರ್ಷದ ಉಳಿತಾಯ, ಸುಮ್ನೆ ಕೀ ತಿರುಗ್ಸಿ ಓಡ್ಸಕ್ಕಾಗುತ್ತಾ? ಉಳಿಸಿದೀವಿ ಅಂತ ಜನಕ್ಕೆ ಗೊತ್ತಾಗ್ಬೇಕಾದ್ರೆ ಸ್ವಲ್ಪ ಖರ್ಚು ಮಾಡ್ಬೇಕು ಕಣ್ರೀ. ಶಾಮಿಯಾನ, ಬ್ಯಾಂಡ್‌ಸೆಟ್ಟು, ಪೇಟ, ಊಟ."

"ಸಮಾರಂಭದ ಬಾಬ್ತಿನಲ್ಲಿ ದುಡ್ಡಿಲ್ಲ ಸಾರ್."

"ಎಲ್ಲಿದೆ?"

ದೊರೆಸ್ವಾಮಿಯವರು ನನ್ನ ಕಡೆ ನೋಡಿದರು. ನಾನು ಪರದೆಯ ಕಡೆ ನೋಡಿದೆ. "ಬದಲಿ ನಿಧಿಯಲ್ಲಿದೆ. ಆದ್ರೆ ತೆಗೆದ್ರೆ..."

"ಏನು ಹೋಗುತ್ತೆ?"

"ಬ್ರೇಕು ಸಾರ್."

ಕಪನಪ್ಪನವರು ಕೆಟ್ಟವರಲ್ಲ, ನಿಜವಾಗಿಯೂ ಯೋಚಿಸಿದರು. ಯೋಚಿಸುವಾಗ ಅವರು ಕಿವಿಯ ಹಾಲೆ ಎಳೆದುಕೊಳ್ಳುತ್ತಾರೆ. "ಅಲ್ರೀ, ಪೂಜೆ ದಿನ ಗಾಡಿ ಓಡುತ್ತಾ? ನಿಂತಿರುತ್ತೆ. ನಿಂತಿರೋ ಗಾಡಿಗೆ ಬ್ರೇಕ್ ಯಾಕೆ? ಸಮಾರಂಭದಲ್ಲಿ ದೇಣಿಗೆ ಬರುತ್ತೆ, ಸಾಯಂಕಾಲಕ್ಕೆ ವಾಪಸ್ ಹಾಕಿ. ಬೆಳಿಗ್ಗೆ ಎದ್ದು ನೋಡಿದ್ರೆ ಬ್ರೇಕ್ ಇರುತ್ತೆ. ಅದಕ್ಕೂ ಒಂದಿನ ರಜ ಸಿಕ್ಕಿದಂಗಾಯ್ತು."

ಎಲ್ಲರೂ ನಕ್ಕರು. ನಾನು ಬಾಯಿ ತೆರೆದೆ. ಕಪನಪ್ಪನವರು ತಿರುಗಿದರು. "ಏನಮ್ಮಾ, ಪುಟ್ಟಮಾದಯ್ಯನ ಮಗಳಲ್ವಾ ನೀನು? ಏನಾದ್ರೂ ಹೇಳ್ಬೇಕಿತ್ತಾ?"

ಹೇಳಬೇಕಿತ್ತು. ಹಳೆಯ ಟ್ಯಾಂಕರನ್ನು ಗುಜರಿಯವನಿಗೆ ಹರಾಜಿನಲ್ಲಿ ಕೊಟ್ಟಾಗಿದೆ, ಪೂಜೆಯ ದಿನವೇ ಅವನು ಒಯ್ಯುತ್ತಾನೆ, ಮರುದಿನದಿಂದ ಅಪ್ಪ ಓಡಿಸಬೇಕಾದದ್ದು ಇದನ್ನೇ, ನಿಧಿಯಿಂದ ಹೋದದ್ದು ಸಾಯಂಕಾಲ ವಾಪಸು ಬಂದ ಉದಾಹರಣೆ ನಮ್ಮ ಕಚೇರಿಯಲ್ಲಿ ಒಂದೂ ಇಲ್ಲ. ಇದೆಲ್ಲ ಗಂಟಲಿನವರೆಗೆ ಬಂತು. "ಟೀ ಹೇಳ್ಲಾ ಸಾರ್?" ಅಂದೆ.

"ಹೇಳಮ್ಮ. ಸಕ್ಕರೆ ಕಮ್ಮಿ ಹಾಕ್ಸು, ಉಳಿತಾಯ ಇರ್ಲಿ."

ಆ ದಿನದ ಡೈರಿ ಬಹಳ ಚೆನ್ನಾಗಿ ಬಂದಿದೆ. ಅದರಲ್ಲಿ ಕಪನಪ್ಪನವರು ನಿರುತ್ತರರಾಗಿ ಕುರ್ಚಿ ಹುಡುಕುತ್ತಾರೆ.

ಹಣ ಹೋದ ಮರುದಿನ ಬೆಳಿಗ್ಗೆ ಅಪ್ಪ ಕೊಟ್ಟಿಗೆಗೆ ಹೋಗಿ ಬಂದು ಚಪ್ಪಲಿ ಬಿಟ್ಟ. ನಾನು ಹೇಳುವ ಮೊದಲೇ, "ಪೆಡಲ್ ಇಲ್ಲ" ಅಂದ. ಹೇಳಿದ ರೀತಿ ನೋಡಿದರೆ ಚಪ್ಪಲಿ ಕಳೆದುಕೊಂಡವನ ಹಾಗಿತ್ತು. "ಪೂಜೆ ದಿನ ಸಾಯಂಕಾಲ ವಾಪಸ್ ಹಾಕ್ತಾರಂತೆ. ಬರುತ್ತೆ ಬಿಡು."

ಅವ್ವ ಒಲೆಯ ಮುಂದಿನಿಂದಲೇ ಶುರುಮಾಡಿದಳು. "ಬರುತ್ತೆ, ಬರುತ್ತೆ. ರೇಡಿಯೇಟರ್ ಕಾರಂಜಿಲಿ ನೀರು ಬಂತಾ? ಗೇರ್‌ಬಾಕ್ಸಲ್ಲಿ ನಾಟ್ಕ ಆಯ್ತಾ? ಓಡ್ಸಲ್ಲ ಅಂತ ಹೇಳಿ."

"ಓಡ್ಸಲ್ಲ ಅಂದ್ರೆ ಮೇಲಿನ ಕೇರಿಗೆ ನೀರು ಯಾರು ಕೊಡ್ತಾರೆ, ನೀನು ಹೊತ್ಕೊಂಡು ಹೋಗ್ತೀಯಾ?"

"ನೀವು ಗಾಡಿ ಸಮೇತ ಕೆಳಗೆ ಬಂದ್ರೆ ನಿಮ್ಮನ್ನ ಹೊತ್ಕೊಂಡು ಹೋಗೋರ್ಯಾರು? ಅದಕ್ಕೂ ಆ ಕಸದ ಟ್ರ್ಯಾಕ್ಟರೇ ಬರ್ಬೇಕು."

ಯಾರೂ ನಗಲಿಲ್ಲ. ಅಪ್ಪ ನನ್ನ ಕಡೆ ತಿರುಗಿ, "ಗುಜರಿಯೋನು ಬಂದಾಗ ನಾನು ಪೂಜೇಲಿರ್ತೀನಿ. ಸೀಟಿನ ಕೆಳಗಿನ ಕಲ್ಲು ಎತ್ತಿಟ್ಕೊಂಬಿಡು ಮಗಾ" ಅಂದ.

ಪೂಜೆ ಕಚೇರಿಯ ಮುಂದೆ, ಇಳಿಜಾರಿನ ನೆತ್ತಿಯ ಮೇಲೆ. ಹೊಸ ಟ್ಯಾಂಕರನ್ನು ಹಿಂದೆ ಹಗ್ಗ ಕಟ್ಟಿ ಹಿಡಿದುಕೊಂಡು ಕೊಟ್ಟಿಗೆಯಿಂದ ತಳ್ಳಿ ತಂದು, ಚಕ್ರಗಳಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿ, ಇಟ್ಟಿಗೆಗಳಿಗೂ ಸೇವಂತಿಗೆ ಸುತ್ತಿದ್ದರು. ಪಕ್ಕದಲ್ಲಿ ಟ್ಯಾಂಕರಿಗಿಂತ ಎತ್ತರದ ಫ್ಲೆಕ್ಸಿನಲ್ಲಿ ಕಪನಪ್ಪನವರು ಕೈಮುಗಿದಿದ್ದರು. ಮೊದಲ ನೀರು ಅಲ್ಲೇ ಹಂಚುತ್ತಾರೆಂದು ಟ್ಯಾಂಕರನ್ನು ಕಂಠಮಟ್ಟ ತುಂಬಿಸಿದ್ದರು. ಹೆಂಗಸರು ಬಿಂದಿಗೆ ಹಿಡಿದು ಇಳಿಜಾರಿನುದ್ದಕ್ಕೂ ಸಾಲು ನಿಂತಿದ್ದರು, ಸಾಲಿನ ತುದಿಯಲ್ಲಿ ಅವ್ವನೂ ಇದ್ದಳು. ನಾನು ಕಲ್ಲನ್ನು ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು ಬಂದು, ಹಿಂದಿನ ಸಾಲಿನ ಕುರ್ಚಿಯ ಕೆಳಗಿಟ್ಟು, ವೇಲು ಇಳಿಬಿಟ್ಟು ಮರೆಮಾಡಿ ಕೂತಿದ್ದೆ.

ಭಾಷಣಗಳಾದವು. ದೂರದೃಷ್ಟಿ ಎಂಬ ಮಾತು ಎಲ್ಲದರಲ್ಲೂ ಬಂತು. ಆಮೇಲೆ ಪುರೋಹಿತರು ಕುಂಬಳಕಾಯಿ ಒಡೆದು, ಆರತಿ ಎತ್ತಿ, ಮುಂದಿನ ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣಿಟ್ಟು, "ಹೂಂ, ಇಟ್ಟಿಗೆ ತೆಗೆದು ಸ್ವಲ್ಪ ಮುಂದಕ್ಕೆ ಬಿಡಿ" ಅಂದರು.

ನಿಂಬೆಹಣ್ಣನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಶಾಮಿಯಾನದ ಗೂಟದ ಖರ್ಚಿನವರೆಗೆ ಅಂದಾಜು ಮಾಡಿದ ದೊರೆಸ್ವಾಮಿಯವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿರುವ ಪೂಜೆ. ಹೊಸ ಗಾಡಿಯೆಂದರೆ ಅದು ಮುಂದಕ್ಕೆ ಹೋಗಿ ಹಣ್ಣು ಒಡೆಯಲೇಬೇಕು.

ಅಪ್ಪ ಚಾಲಕನ ಸೀಟಿನಿಂದ ತಲೆ ಹೊರಗೆ ಹಾಕಿ ಕೈಮುಗಿದ. "ಸ್ವಾಮೀ, ಇದು ಮುಂದಕ್ಕೆ ಹೋಗುತ್ತೆ. ಹಣ್ಣು ಒಡೆದಾದ್ಮೇಲೂ ಹೋಗ್ತಾನೇ ಇರುತ್ತೆ."

"ಹಣ್ಣು ಒಡೀದೆ ಎತ್ತಿದ್ರೆ ಊರಿಗೆ ಒಳ್ಳೇದಲ್ಲಪ್ಪಾ" ಅಂದರು ಪುರೋಹಿತರು.

ಕಪನಪ್ಪನವರು ಪೇಟ ಸರಿಮಾಡಿಕೊಂಡು ಮೇಲೆ ಹತ್ತಿದರು. "ಒಂದು ಗೇಣು ಕಣಯ್ಯಾ. ಒಂದು ಗೇಣಿಗೆ ಬ್ರೇಕ್ ಬೇಕಾ? ಸರಿ ಆ ಕಡೆ, ನಾನೇ ಹಿಡ್ಕೊತೀನಿ. ಫೋಟೋನೂ ಆಗುತ್ತೆ."

ಅಪ್ಪ ಆ ಕಡೆ ಸರಿದ, ಇಳಿಯಲಿಲ್ಲ. ಗಾಡಿ ಬಿಟ್ಟು ಇಳಿಯುವ ಅಭ್ಯಾಸ ಅವನಿಗಿಲ್ಲ. ಅವನ ಬಲಗಾಲು ಪೆಡಲೇ ಇಲ್ಲದ ಕಡೆ ಚಾಚಿಕೊಂಡದ್ದು ತೆರೆದೇ ಇದ್ದ ಬಾಗಿಲಲ್ಲಿ ನನಗೆ ಕಂಡಿತು. ಕೆಳಗೆ ಬಿಂದಿಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಇಬ್ಬರು ಬಗ್ಗಿ ಇಟ್ಟಿಗೆಗೆ ಕೈಹಾಕಿದರು.

ನಾನು ಎದ್ದೆ. ಎದ್ದೆನೆಂದು ಗೊತ್ತಾದದ್ದು ಕುರ್ಚಿ ಬಿದ್ದ ಸದ್ದಿಗೆ. ಕಲ್ಲು ಹೊತ್ತುಕೊಂಡು ಸದಸ್ಯರು, ಅವರ ಮನೆಯವರು, ಬ್ಯಾಂಡಿನವರು ಎಲ್ಲರ ಮುಂದೆ ನಡೆದುಹೋಗಿ, ಎಡಗಡೆಯ ಚಕ್ರದ ಮುಂದೆ ಮಂಡಿಯೂರಿ, ನಿಂಬೆಹಣ್ಣಿನಿಂದ ಒಂದು ಗೇಣು ಬಿಟ್ಟು, ಇಳಿಜಾರು ಮಗ್ಗುಲು ಚಕ್ರದ ಕಡೆಗಿರುವಂತೆ ಕಲ್ಲು ಕೊಟ್ಟೆ.

ನಿರೂಪಣೆ ಮಾಡುತ್ತಿದ್ದವರು ಮೈಕು ಹಿಡಿದುಕೊಂಡೇ ಓಡಿಬಂದರು. "ಏನಮ್ಮಾ ಇದು?"

"ಕಲ್ಲು" ಅಂದೆ. ಮೈಕು ಇನ್ನೂ ಬಾಯಿಯ ಮುಂದೆಯೇ ಇತ್ತು. "ಬ್ರೇಕಿಲ್ಲ."

ಇಳಿಜಾರಿನುದ್ದಕ್ಕೂ ಕಂಬಗಳಿಗೆ ಕಟ್ಟಿದ್ದ ಲೌಡ್‌ಸ್ಪೀಕರುಗಳು ಒಂದರ ಹಿಂದೆ ಒಂದು ಆ ಮಾತನ್ನು ಅವ್ವನವರೆಗೆ ಒಯ್ದವು. ಜೀವಮಾನದಲ್ಲಿ ನಾನು ಇಷ್ಟು ಜನರ ಮುಂದೆ ಆಡಿದ ಮೊದಲ ಮಾತು. ಊರು ಬೆಚ್ಚಿಬೀಳುತ್ತದೆಂದು ಕಣ್ಣುಮುಚ್ಚಿದೆ. ಬಿಂದಿಗೆಯ ಸಾಲಿನಿಂದ ಯಾರೋ ಕೂಗಿದರು: "ಅದು ನಮಗೂ ಗೊತ್ತು ಕಣವ್ವಾ, ಬೇಗ ನೀರು ಬಿಡ್ಸು!"

ಎಲ್ಲರೂ ನಕ್ಕರು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುಕೊಂಡೇ ಬಿಂದಿಗೆ ಹಿಡಿದು ಇಳಿಜಾರಿನಲ್ಲಿ ನಿಂತಿದ್ದರು. ಇಟ್ಟಿಗೆ ತೆಗೆದರು. ಟ್ಯಾಂಕರು ಒಂದು ಕ್ಷಣ ಅನುಮಾನಿಸಿ ಮುಂದಕ್ಕೆ ಜರುಗಿತು. ನಿಂಬೆಹಣ್ಣು ಪಚ್ಚೆಂದು ಒಡೆಯಿತು. ಚಕ್ರ ಕಲ್ಲಿನ ಮೇಲೆ ಅರ್ಧ ಹತ್ತಿ, ಒಳಗಿನ ನೀರೆಲ್ಲ ದಡಬಡಿಸಿ, ನಡುಗಿ, ಹಿಂದಕ್ಕೆ ಕೂತಿತು. ಕಪನಪ್ಪನವರ ಪೇಟ ಕಣ್ಣಿನ ಮೇಲೆ ಇಳಿಯಿತು. ಚಪ್ಪಾಳೆಯೋ ಚಪ್ಪಾಳೆ. ಪುರೋಹಿತರು ಇದೂ ವಿಧಿಯೇ ಇರಬೇಕೆಂದುಕೊಂಡು ಕಲ್ಲಿಗೆ ಕುಂಕುಮ ಹಚ್ಚಿ ಕರ್ಪೂರ ಬೆಳಗಿದರು.

ದೇಣಿಗೆಯಾಗಿ ಬಂದವು ಹಾರಗಳು, ಗೋಡೆ ಗಡಿಯಾರಗಳು. ಮರುದಿನ ಬೆಳಿಗ್ಗೆ ಬ್ರೇಕು ಬಂದಿರಲಿಲ್ಲ. ಬಂದದ್ದು ನನ್ನ ಹೆಸರಿಗೆ ಒಂದು ಆದೇಶ: ಹಾಲಿ ಕೆಲಸದ ಜೊತೆಗೆ ಹೆಚ್ಚುವರಿಯಾಗಿ, ಟ್ಯಾಂಕರಿನ ಜೊತೆ ತೆರಳಿ ಕಲ್ಲು ಕೊಡತಕ್ಕದ್ದು. ಹಾಗೆ ನಾನು ಬಿ.ಕಾಂ. ಆದವಳು ಬೆಳಗಿನ ಹೊತ್ತು ಅಪ್ಪನ ಪಕ್ಕ ಕೂರತೊಡಗಿದೆ. ಅಪ್ಪ ಮೊದಲನೇ ಗೇರಿನಲ್ಲೇ, ಎಂಜಿನ್ನಿನ ಬಿಗಿಯಲ್ಲೇ ಗಾಡಿ ಇಳಿಸುತ್ತಾನೆ. ನಿಲ್ಲುವ ಜಾಗ ಬಂದಾಗ "ಕಲ್ಲು!" ಅನ್ನುತ್ತಾನೆ. ನಾನು ಹಾರುತ್ತೇನೆ. ಪ್ರತಿ ಸಲ ಚಕ್ರ ಕಲ್ಲು ಹತ್ತಿ ಹಿಂದಕ್ಕೆ ಕೂರುವವರೆಗೆ ನಾವಿಬ್ಬರೂ ಉಸಿರು ಬಿಡುವುದಿಲ್ಲ. ಮೇಲಿನ ಕೇರಿಯವರು ಈಗ ಗಾಡಿ ಪೂರ್ತಿ ನಿಂತ ಮೇಲೆಯೇ ಬಿಂದಿಗೆ ತರುತ್ತಾರೆ, ಬರುವಾಗ ಕಲ್ಲಿಗೆ ಎರಡು ಹೂವು ಹಾಕುತ್ತಾರೆ.

ಮುಂದಿನ ಸಭೆಯಲ್ಲಿ ಬ್ರೇಕಿನ ವಿಷಯ ಬರಲಿಲ್ಲ, ಕಲ್ಲಿನದು ಬಂತು. ಕಲ್ಲು ಇನ್ನು ಪುರಸಭೆಯ ಉಪಕರಣ, ಉಪಕರಣವೆಂದ ಮೇಲೆ ಸವೆಯುತ್ತದೆ, ಸವೆಯುವುದೆಂದ ಮೇಲೆ ಬದಲಿಗೆ ಈಗಿನಿಂದಲೇ ಎತ್ತಿಡಬೇಕು. ಈ ದೂರದೃಷ್ಟಿಗೆ ಯಾರ ವಿರೋಧವೂ ಇರಲಿಲ್ಲ. ಮರುದಿನ ಕೊಟ್ಟಿಗೆಯ ಮೂಲೆಯಲ್ಲಿ ಹುಣಿಸೆಬೀಜದಷ್ಟು ಜಲ್ಲಿ ಮೂಡಿತ್ತು.

ಅದೇ ಉತ್ಸಾಹದಲ್ಲಿ ನನಗೆ ಸನ್ಮಾನ ಮಾಡುವುದೆಂದೂ ಆಯಿತು. ಸಭಾಂಗಣದಲ್ಲಿ ಬೆಳ್ಳಿ ಬಣ್ಣದ ಕುರ್ಚಿ, ಹಣ್ಣಿನ ಬುಟ್ಟಿ, ಜರಿ ಅಂಚಿನ ಶಾಲು. ಕಪನಪ್ಪನವರು ಶಾಲು ಬಿಚ್ಚಿ ಹಿಡಿದು ನನ್ನ ಕಡೆ ಬಂದರು. ಪತ್ರಿಕೆಯವರು ಕ್ಯಾಮೆರಾ ಎತ್ತಿದರು. ಹಿಂದಿನ ಸಾಲಿನಲ್ಲಿ ಅಪ್ಪ ಕೂತಿದ್ದ. ಅವನ ಬಲಗಾಲು ನೆಲ ಒತ್ತುತ್ತಿತ್ತು. ಅವನಿಗೆ ಅದು ಗೊತ್ತಿರಲಿಲ್ಲ. ಎದುರಿಗೆ ಮೈಕಿತ್ತು, ಈ ಸಲ ನನಗೆಂದೇ ಇಟ್ಟದ್ದು.

"ಬೇಡ ಸಾರ್" ಅಂದೆ.

"ಅಯ್ಯೋ, ನಾಚ್ಕೊಬೇಡಮ್ಮಾ."

"ನಾಚಿಕೆ ಅಲ್ಲ ಸಾರ್. ಶಾಲು ಅಂಗಡಿಗೆ ವಾಪಸ್ ಕೊಡಿ. ಅದರ ದುಡ್ಡು ನಿಧಿಗೆ ಹಾಕಿ. ಕಲ್ಲಿನ ಲೆಕ್ಕಕ್ಕಲ್ಲ, ಬ್ರೇಕಿನ ಲೆಕ್ಕಕ್ಕೆ."

ಕಪನಪ್ಪನವರು ಕಿವಿಯ ಹಾಲೆ ಹಿಡಿದರು. "ಎಷ್ಟಮ್ಮಾ ಬರುತ್ತೆ ಅದ್ರಿಂದ? ಸಣ್ಣ ಮೊತ್ತ."

"ಹಾಕಿ ಸಾರ್."

ಪತ್ರಿಕೆಯವರು ಕ್ಯಾಮೆರಾ ಇಳಿಸಿರಲಿಲ್ಲ. "ಆದರ್ಶ ಯುವತಿ!" ಎಂದು ಕಪನಪ್ಪನವರು ಘೋಷಿಸಿ, ಶಾಲು ಮಡಿಸಿ ದೊರೆಸ್ವಾಮಿಯವರ ಕೈಗೆ ಕೊಟ್ಟರು. ನಾನು ಕೆಲಸಕ್ಕೆ ಸೇರಿದ ಮೇಲೆ ಆ ನಿಧಿಗೆ ಏನಾದರೂ ವಾಪಸು ಹೋದದ್ದು ಅದೇ ಮೊದಲು. ಹಣ್ಣಿನ ಬುಟ್ಟಿಯನ್ನು ಸದಸ್ಯರು ಅಷ್ಟರಲ್ಲಿ ಹಂಚಿಕೊಂಡಾಗಿತ್ತು.

ಮರುದಿನ ಅಪ್ಪನೂ ನಾನೂ ಗಾಡಿ ತೆಗೆಯಲು ಕೊಟ್ಟಿಗೆಗೆ ಹೋದೆವು. ಅಪ್ಪ ಒಳಗೆ ಬಗ್ಗಿ, ಪೆಡಲು ಇರಬೇಕಾದ ಕಡೆ ಕೈಯಾಡಿಸಿ, ಹಾಗೇ ನಿಂತ.

"ಮಗಾ, ಬಾ ಇಲ್ಲಿ."

ಒಂದು ನಟ್ಟು. ಏನನ್ನೂ ಹಿಡಿದುಕೊಳ್ಳದೆ, ಯಾವುದಕ್ಕೂ ಅಂಟಿಕೊಳ್ಳದೆ, ತನ್ನ ಜಾಗದಲ್ಲಿ ತಾನು ಹೊಳೆಯುತ್ತ ನಿಂತಿತ್ತು. ಅಪ್ಪ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅದು ಅಲುಗಲಿಲ್ಲ.

"ಗಟ್ಟಿಯಾಗಿದೆ" ಅಂದ, ಪೂರ್ತಿ ಬ್ರೇಕೇ ಬಂದವನ ಹಾಗೆ.

ದಾರಿಯಲ್ಲಿ ಮನೆಯ ಮುಂದೆ ಗಾಡಿಗೆ ಕಲ್ಲು ಕೊಟ್ಟು, ಒಳಗೆ ಹೋಗಿ ಅವ್ವನಿಗೆ ಹೇಳಿದಾಗ ಅವಳು ಮುದ್ದೆ ಕೋಲು ನಿಲ್ಲಿಸಿ ಕೇಳಿದಳು: "ಒಂದು ಶಾಲು ಬೇಡ ಅಂದಿದ್ದಕ್ಕೆ ಒಂದು ನಟ್ಟು. ಹಂಗಾದ್ರೆ ಪೂರ್ತಿ ಬ್ರೇಕು ಬರಕ್ಕೆ ಎಷ್ಟು ಜನ ಬೇಡ ಅನ್ಬೇಕು?"

ನಾನು ಮನಸ್ಸಿನಲ್ಲೇ ಊರಿನ ಗಣ್ಯರನ್ನು ಒಬ್ಬೊಬ್ಬರಾಗಿ ನೆನೆದೆ. ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು, ಸಂಘಗಳ ಕಾರ್ಯದರ್ಶಿಗಳು, ವರ್ಷಕ್ಕೆರಡು ಸಲ ಸನ್ಮಾನವಾಗುವ ನಿವೃತ್ತ ಹೆಡ್‌ಮಾಸ್ತರರು. ಒಂದು ಬೆರಳೂ ಮಡಿಸಲಾಗಲಿಲ್ಲ. ಹೊರಗೆ ಅಪ್ಪ ಹಾರನ್ ಒತ್ತಿದ. ನಾನು ಚಕ್ರದ ಮುಂದಿನ ಕಲ್ಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದೆ.